ನಮ್ಮತ್ತೆ ಈಸಿಕೊಳ್ಳದ ವಿಸಿಟಿಂಗ್ ಕಾರ್ಡು

ಬೆಂಗಳೂರಿನಿಂದ ಬಂದಿದ್ದ ಈವೆಂಟ್ ಮ್ಯಾನೇಜರ್ ಒಬ್ಬರು ನಗುನಗುತ್ತಾ ಕಾರ್ಡು ಚಾಚಿದರು. ನಮ್ಮತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು!

"ಯಾವತ್ತು? ಎಲ್ಲಿ? ಯಾರ ಮನೇದು?" ಅಂತ ಒಂದೇ ಉಸಿರಿಗೆ ಕೇಳಿದರು.

ಆತ ತಬ್ಬಿಬ್ಬಾದರು. "ಸುಮ್ನೆ ಇಟ್ಕೊಂಡಿರಿ ಅಮ್ಮ, ಮುಂದೆ ನೋಡೋಣ."

"ಮುಂದೆ ನೋಡಾನ ಅನ್ನೋ ಮಾತ್ಗೆ ನಾನು ಕೈಯೊಡ್ಡಕಿಲ್ಲ ಕಣಪ್ಪ."

ಪಕ್ಕದಲ್ಲೇ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು...

ಹೋದ ವಾರ ಮಂಡ್ಯದಲ್ಲಿ ಜನಪದ ಗಾಯಕರ ಸಮಾವೇಶ ಇತ್ತು. ಕಲಾವಿದರು ವೃತ್ತಿಯಲ್ಲಿ ಬೆಳೆಯೋದು ಹೇಗೆ, ಪ್ರೋಗ್ರಾಂ ಹಿಡಿಯೋದು ಹೇಗೆ, ನೆಟ್‌ವರ್ಕಿಂಗ್ ಹೇಗೆ ಅಂತ ಬೆಳಗ್ಗಿನಿಂದ ಸಂಜೆವರೆಗೂ ಸೆಷನ್‌ಗಳು. ವಾಟ್ಸಾಪ್‌ನಲ್ಲಿ ನೋಡಿ ಹೆಸರು ಕೊಟ್ಟವಳು ನಾನೇ.

ನಮ್ಮದು ಬೆಸಗರಹಳ್ಳಿಯ ಸೋಬಾನೆ ತಂಡ, ಐದು ಜನ ಹೆಂಗಸರು. ಅತ್ತೆ ಮುಂದೆ ಕೂತು ಪದ ಹೇಳುತ್ತಾರೆ, ನಾವು ನಾಲ್ವರು ಹಿಂದೆ ಕೂತು ಅದೇ ಸಾಲು ಹಿಡಿದು ಸೊಲ್ಲು ಹೇಳುತ್ತೇವೆ. ಸಮಾವೇಶಕ್ಕೆ ಹೋಗಿದ್ದು ಮಾತ್ರ ನಾನು, ಅತ್ತೆ ಇಬ್ಬರೇ.

ಈಗ ಮದುವೆಮನೆಗಳಲ್ಲೆಲ್ಲ ಡಿಜೆ. ಈ ಸೀಸನ್ನಿನಲ್ಲಿ ನಮ್ಮನ್ನು ಕರೆದಿದ್ದು ಎರಡೇ ಮನೆಯವರು. "ಇದ್ರಲ್ಲೂ ಏನೂ ಆಗ್ನಿಲ್ಲ ಅಂದ್ರೆ ಮುಗಿಸ್‌ಬುಡಾನ ಕಣಮ್ಮಿ" ಅಂತ ಅತ್ತೆ ಬಸ್ಸು ಹತ್ತುವ ಮುಂಚೆಯೇ ಹೇಳಿದ್ದರು.

ಮುಗಿಯೋದು ನನಗೆ ಬೇಕಿರಲಿಲ್ಲ. ಮಿಕ್ಕ ಹೊತ್ತಿನಲ್ಲಿ ನನಗೂ ಅತ್ತೆಗೂ ಎಣ್ಣೆ ಸೀಗೆಕಾಯಿ. ಪದ ಹೇಳುವಾಗ ಮಾತ್ರ ಅವರ ಹತ್ತಿರ ಕೂತಿದ್ದರೆ ಸಾಕು ಅನ್ನಿಸುತ್ತೆ.

ಪೂರಿಗಾಲಿಯ ನನ್ನ ತವರಿನಲ್ಲಿ ನನ್ನನ್ನು ಹಾಡು ಅಂದವರೇ ಇಲ್ಲ. ಈ ಮನೆಗೆ ಬಂದ ಮೇಲೆ, ಅತ್ತೆಯ ಬಾಯಿಂದ ಬೈಸಿಕೊಂಡು ಬೈಸಿಕೊಂಡು ಕಲಿತಿದ್ದು.

ಅದಕ್ಕೇ ನಾನು ಕೆಲಸ ಮಾಡುವ ಮದ್ದೂರಿನ ಜೆರಾಕ್ಸ್ ಅಂಗಡಿಯಲ್ಲಿ, ಓನರನ್ನು ಕಾಡಿಬೇಡಿ, ಒಂದು ಕಟ್ಟು ಕಾರ್ಡು ಪ್ರಿಂಟ್ ಹಾಕಿಸಿದ್ದೆ. ಮೇಲೆ ಅತ್ತೆಯ ಫೋಟೋ. ಅತ್ತೆ ನೋಡಿದವರೇ "ಇದೇನಮ್ಮಿ, ನನ್ ತಿಥಿ ಕಾಗ್ದ ಇದ್ದಂಗದೆ" ಅಂದರು!

ಕಾಫಿ ಹೊತ್ತಿನಲ್ಲಿ ಎಲ್ಲರೂ ಓಡಾಡಿ ಕಾರ್ಡು ಬದಲಾಯಿಸಿಕೊಳ್ಳಿ ಅಂತ ಮೈಕಿನಲ್ಲಿ ಹೇಳಿದರು. ಈವೆಂಟ್ ಮ್ಯಾನೇಜರ್ ಆದ ಮೇಲೆ ಇನ್ನೂ ಇಬ್ಬರು ಬಂದರು. ಅತ್ತೆಯದು ಅದೇ ಪ್ರಶ್ನೆ, ಕೈ ಅದೇ ಬೆನ್ನ ಹಿಂದೆ.

ಕೈತೊಳೆಯುವ ಜಾಗಕ್ಕೆ ಕರೆದುಕೊಂಡು ಹೋಗಿ ರೇಗಿದೆ. ಅದು ಬರೀ ಕಾರ್ಡು ಅತ್ತೆ, ಈಸಿಕೊಂಡು ಬ್ಯಾಗಿಗೆ ಹಾಕಿಕೊಂಡರೆ ಮುಗೀತು ಅಂದೆ.

"ಇಸ್ಕಂಡು ಮರ್ತ್‌ಬುಡದಾ? ಅದ್ಯಾವ ಸೀಮೆ ಮರ್ವಾದೆಯಮ್ಮಿ?"

ಆಗ ನನಗೆ ಹೊಳೆಯಿತು. ನಮ್ಮ ಕಡೆ ಸೋಬಾನೆಗೆ ಕರೆಯುವವರು ಮನೆಗೆ ಬಂದು, ದಿನ ಹೇಳಿ, ವೀಳ್ಯ ಕೊಡುತ್ತಾರೆ. ಆ ಎಲೆ ಅಡಿಕೆ ಈಸಿಕೊಂಡರೆ ಮಾತು ಕೊಟ್ಟ ಹಾಗೆ.

ಒಂದು ಸಲ ಹಾಗೆ ಮಾತು ಕೊಟ್ಟಿದ್ದಕ್ಕೆ ಅತ್ತೆ ಜ್ವರದಲ್ಲೇ ಬಸರಾಳಿಗೆ ಹೋಗಿ, ಕಂಬಳಿ ಹೊದ್ದು ಚಪ್ಪರದಲ್ಲಿ ಕೂತು ಪದ ಹೇಳಿದ್ದರಂತೆ. ಅಂಥವರಿಗೆ ದಿನವೇ ಇಲ್ಲದ ಕಾರ್ಡು ಈಸಿಕೊಳ್ಳೋದು ಅಂದರೆ ಸುಳ್ಳು ಹೇಳಿದ ಹಾಗೆ.

ಅರ್ಥವಾದರೂ ನನ್ನ ಸಿಟ್ಟು ಇಳಿಯಲಿಲ್ಲ. ನಾನೊಬ್ಬಳೇ ಹಾಲ್ ತುಂಬ ಓಡಾಡಿ ಹಂಚಿದೆ. ನನ್ನ ಬ್ಯಾಗೂ ಕಾರ್ಡಿನಿಂದ ತುಂಬಿತು. "ಖಂಡಿತ ಕಾಲ್ ಮಾಡ್ತೀವಿ ಮೇಡಂ" ಅಂದವರು ತುಂಬ ಜನ, ಇಂಥ ದಿನ ಅಂದವರು ಒಬ್ಬರೂ ಇಲ್ಲ...

ಊಟ ಆದ ಮೇಲೆ ಪ್ರತಿ ತಂಡಕ್ಕೂ ಸ್ಟೇಜ್ ಮೇಲೆ ಎರಡೆರಡು ನಿಮಿಷ. ನಿಮ್ಮ ತಂಡದ ಸ್ಪೆಷಾಲಿಟಿ ಏನಮ್ಮ, ಬೇರೆಯವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಏನಿದೆ ಅಂತ ಟ್ರೈನರ್ ಕೇಳಿದರು.

ಅತ್ತೆ ಮೈಕನ್ನು ಬಾಯಿ ಹತ್ತಿರ ಎಳೆದುಕೊಂಡರು. "ಬತ್ತೀವಿ ಅಂದ್ರೆ ಬತ್ತೀವಿ" ಅಂದರು.

ಇಡೀ ಹಾಲ್ ಗೊಳ್ಳೆಂದಿತು. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳದೆ ಕಣ್ಣು ಮುಚ್ಚಿ ಒಂದು ಪದ ಎತ್ತಿದರು, ನಾನು ಸೊಲ್ಲು ಹೇಳಿದೆ. ನಗುತ್ತಿದ್ದವರೆಲ್ಲ ಸುಮ್ಮನಾದರು.

ಕೆಳಗೆ ಇಳಿದರೆ ಮಳವಳ್ಳಿಯ ಮಹಿಳಾ ಸಂಘದವರೊಬ್ಬರು ಕಾಯುತ್ತಾ ನಿಂತಿದ್ದಾರೆ. ಅಭ್ಯಾಸಬಲ, ಪರ್ಸಿನಿಂದ ಕಾರ್ಡು ಅರ್ಧ ತೆಗೆದರು... ಅತ್ತೆಯ ಮುಖ ನೋಡಿ ವಾಪಸ್ ಒಳಗೆ ತಳ್ಳಿದರು.

"ಒಂದೈದು ನಿಮಿಷ ಇರಿ ಅಮ್ಮ" ಅಂತ ಹೊರಗೆ ಓಡಿದವರು, ಎದುರಿನ ಅಂಗಡಿಯಿಂದ ಎಲೆ, ಅಡಿಕೆ, ಎರಡು ಬಾಳೆಹಣ್ಣು ತಂದರು. ತಟ್ಟೆ ಎಲ್ಲಿಂದ ಬರಬೇಕು? ತಮ್ಮ ಟಿಫನ್ ಬಾಕ್ಸಿನ ಮುಚ್ಚಳದಲ್ಲಿ ಇಟ್ಟುಕೊಂಡಿದ್ದರು.

"ಮುಂದಿನ ತಿಂಗಳು ಎರಡನೇ ಭಾನುವಾರ, ಮಳವಳ್ಳೀಲಿ ನಮ್ಮ ಸಂಘದ ವಾರ್ಷಿಕೋತ್ಸವ. ನಿಮ್ಮ ತಂಡ ಬರ್ಬೇಕು."

ನನಗೆ ಕುಣಿಯುವಷ್ಟು ಖುಷಿ. ಅತ್ತೆಯ ಕಡೆ ತಿರುಗಿದರೆ, ಅವರು ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತಿದ್ದಾರೆ, ಕೈ ಚಾಚುತ್ತಿಲ್ಲ!

ದಿನ ಹೇಳಿಯಾಯಿತು, ಊರು ಹೇಳಿಯಾಯಿತು. ಇನ್ನೂ ಏನು? ನಿಜವಾಗಲೂ ಮುಗಿಸಿಯೇಬಿಟ್ಟರಾ?

"ನೀನ್ ಇಸ್ಕಳಮ್ಮಿ" ಅಂದರು.

ನಮ್ಮ ತಂಡದಲ್ಲಿ ವೀಳ್ಯ ಈಸಿಕೊಂಡವರೇ ಮುಂದೆ ಕೂತು ಪದ ಹೇಳಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಅದಕ್ಕೆ ಅತ್ತೆಯ ಕೈ ಬಿಟ್ಟರೆ ಬೇರೆ ಕೈ ಚಾಚಿದ್ದೇ ಇಲ್ಲ.

ನನಗೆ ಬರಲ್ಲ ಅತ್ತೆ ಅಂದೆ.

"ಬೆಳಗ್ಗಿಂದ ಊರೋರ್ ಕಾರ್ಡ್ನೆಲ್ಲ ಬಾಚ್ಕಂಡೆ, ಇದೊಂದ್ಕೆ ಒಲ್ಲೆ ಅಂತೀಯಾ? ಇಸ್ಕೊ. ನಾನು ಇಂದ್ಗಡೆ ಕೂತು ಸೊಲ್ಲು ಏಳ್ತೀನಿ ಬುಡು."

ಎರಡೂ ಕೈಯಲ್ಲಿ ಈಸಿಕೊಂಡೆ. ಕಣ್ಣಲ್ಲಿ ನೀರು, ಜೊತೆಗೆ ತಡೆಯಲಾಗದ ನಗು ಬೇರೆ. ಮಳವಳ್ಳಿಯವರೂ ಕಣ್ಣೊರೆಸಿಕೊಂಡರು.

ಈಗ ದಿನಾ ಅಡಿಗೆಮನೆಯಲ್ಲಿ ಪ್ರಾಕ್ಟೀಸ್ ನಡೀತಿದೆ. ನಾನು ಒಂದು ಸಾಲು ಹೇಳಿದರೆ ಅತ್ತೆ ಎರಡು ತಪ್ಪು ಹಿಡಿಯುತ್ತಾರೆ, ಆಮೇಲೆ ಸೊಲ್ಲು ಮಾತ್ರ ನನಗಿಂತ ಜೋರಾಗಿ ಹೇಳುತ್ತಾರೆ.

ನೀವೇ ಹೇಳಿ, ಕಲಿಸಿದವರು ಬೆನ್ನ ಹಿಂದೆ ಕೂತು ಕೇಳಿಸಿಕೊಳ್ಳುತ್ತಿರುವಾಗ ಮುಂದೆ ಕೂತು ಪದ ಎತ್ತುವ ಧೈರ್ಯ ಎಲ್ಲಿಂದ ತರೋದು?