ಮಿಸ್ ಲೂಡಿಯ ಕೋಣೆಯ ಸದ್ದು

ಪಕ್ಕದ ಮನೆಯ ಮಿಸ್ ಲೂಡಿಯ ರೇಡಿಯೋ ಹಗಲೂ ರಾತ್ರಿ ಹಾಡುತ್ತಲೇ ಇರುತ್ತದೆ. ಅಟ್ಲಾಂಟಾದಿಂದ ಅಲಬಾಮದ ಈ ಪುಟ್ಟ ಊರಿಗೆ ಬಂದ ಮೊದಲ ವಾರವೇ ನಾನು ಬಾಗಿಲು ತಟ್ಟಿ, "ಮಗು ಎದ್ದುಬಿಡುತ್ತೆ, ಸ್ವಲ್ಪ ಸಣ್ಣಗೆ ಮಾಡ್ತೀರಾ?" ಎಂದಿದ್ದೆ. "ಆಯ್ತು ಕಣಮ್ಮ" ಎಂದು ಕೇಕ್ ಕಟ್ಟಿಕೊಟ್ಟರು. ರೇಡಿಯೋ ಮಾತ್ರ ಹಾಗೇ ಇತ್ತು.

ಅವರು ಮದುವೆಯಾಗಲಿಲ್ಲ, ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಊರಿಗೆ ಅವರು ಗೊತ್ತಿರುವುದು ಒಂದೇ ಕಾರಣಕ್ಕೆ: ಇಲ್ಲಿನ ಬಿಳಿಯರ ಶಾಲೆಗೆ ಸೇರಿದ ಮೊದಲ ಕಪ್ಪು ಹುಡುಗಿ. ಏಳನೇ ತರಗತಿಯಲ್ಲಿ ಒಬ್ಬರೇ. ಕಪ್ಪು ಜನರ ಸಮಾನ ಹಕ್ಕಿನ ಆ ಹೋರಾಟದ ದಿನಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು ನ್ಯೂಯಾರ್ಕ್‌ನಿಂದ ಬರುತ್ತಾರೆಂದು ತಿಳಿದಾಗ ಮಿಸ್ ಲೂಡಿ ಚರ್ಚಿಗೆ ಹಾಕುವ ಟೋಪಿ ಹೊರತೆಗೆದರು.

"ನೀನೂ ಬಂದು ಕೂತ್ಕೋ. ಕ್ಲಾಸಿನೊಳಗೆ ಹೇಗಿತ್ತು ಅಂತ ಇದುವರೆಗೂ ಯಾರೂ ಕೇಳಿಲ್ಲ. ಈ ಸಲ ಹೇಳೇಬಿಡ್ತೀನಿ."

ಚಿತ್ರೀಕರಣದ ದಿನ ಮಗುವನ್ನು ಎತ್ತಿಕೊಂಡು ಹೋದೆ. ಅತ್ತುಬಿಟ್ಟರೆ? ಕೆಮ್ಮಿದರೆ? ನನಗೆ ಅದೇ ಕಳವಳ. ಚಿತ್ರಕ್ಕೆ ಶಬ್ದ ಮುದ್ರಿಸುವ ಡೆರಿಕ್ ಮೊದಲು ರೇಡಿಯೋ ನಿಲ್ಲಿಸಿದ. ಆಮೇಲೆ ಗುಂಯ್‌ಗುಡುತ್ತಿದ್ದ ಫ್ರಿಜ್ಜಿನ ಪ್ಲಗ್ ಕಿತ್ತು, ತನ್ನ ವ್ಯಾನಿನ ಕೀಯನ್ನು ಅದರೊಳಗಿಟ್ಟ. "ಹೀಗೆ ಮಾಡದಿದ್ರೆ ಹೊರಡುವಾಗ ಪ್ಲಗ್ ವಾಪಸ್ ಹಾಕೋದು ಮರ್ತೇಹೋಗುತ್ತೆ."

"ನಿನ್ನ ಕೀಗೆ ನೆಗಡಿ ಆದ್ರೆ ನನ್ನ ಕೇಳ್ಬೇಡಪ್ಪ" ಎಂದರು ಮಿಸ್ ಲೂಡಿ.

ನಿರ್ದೇಶಕಿ ಜೋಸ್ಲಿನ್ ನಮ್ಮ ಹಾಗೇ ಕಪ್ಪು ಜನಾಂಗದವಳು, ಚಿಕ್ಕ ವಯಸ್ಸು, ವಿನಯದ ಹುಡುಗಿ. "ಕಲ್ಲು ತೂರಿದ್ರಾ, ಮಿಸ್ ಲೂಡಿ?"

"ಇಲ್ಲ ಕಂದ."

"ಹೆದರಿಸಿದ್ರಾ?"

"ಗೇಟಿನ ಹತ್ರ ಒಂದು ದಿನ ಕೂಗಾಡಿದ್ರು. ಅದು ದೊಡ್ಡದಲ್ಲ. ಒಳಗೆ ಯಾರೂ ಮಾತಾಡ್ಲಿಲ್ಲ. ನನ್ನ ಸುತ್ತ ಬೆಂಚೆಲ್ಲಾ ಖಾಲಿ. ವರ್ಷವಿಡೀ."

"ಹೌದಾ... ಗೇಟಿನ ಹತ್ರ ತುಂಬಾ ಜನ ಇದ್ರಾ?"

ಅವರು ತರಗತಿಯೊಳಗೆ ಕರೆದೊಯ್ಯಲು ನೋಡಿದಾಗಲೆಲ್ಲ ಜೋಸ್ಲಿನ್ ಮಾತನ್ನು ಗೇಟಿಗೇ ಎಳೆದಳು.

ಕೊನೆಗೆ ಕ್ಯಾಮೆರಾ ನಿಂತಿತು. "ಈಗ ಎಲ್ರೂ ಒಂದು ನಿಮಿಷ ಸುಮ್ನೆ ಕೂತ್ಕೊಳ್ಳಿ" ಎಂದ ಡೆರಿಕ್. "ಯಾರೂ ಮಾತಾಡದಾಗ ಕೋಣೆಯಲ್ಲಿರೋ ಬರೀ ಸದ್ದು ಬೇಕು, ಚಿತ್ರದಲ್ಲಿ ಮಾತಿನ ನಡುವೆ ಹೊಲಿಯೋಕೆ."

ಕೂತೆವು. ನಾನು ಮಗುವಿನ ಬಾಯನ್ನೇ ನೋಡುತ್ತಿದ್ದೆ. ಅದು ಸುಮ್ಮನಿತ್ತು.

"ಯಾರಿಗಾದ್ರೂ ಕೇಕ್ ಬೇಕಾ?" ಎಂದರು ಮಿಸ್ ಲೂಡಿ.

ಎಲ್ಲರೂ ನಕ್ಕೆವು. ಮತ್ತೆ ಮೊದಲಿನಿಂದ. ಈ ಸಲ, "ಏನು ಸೆಖೆ, ಅಲ್ವಾ?" ಎಂದರು ಅವರೇ. ಮತ್ತೊಮ್ಮೆ ಶುರುವಾದಾಗ ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಹಿಂಡತೊಡಗಿದರು.

"ಆಗಲ್ಲ ಕಂದ. ಇಷ್ಟು ಜನ ಕೂತು ಯಾರೂ ಮಾತಾಡ್ದೇ ಇದ್ರೆ... ಹೀಗೇ ಇತ್ತು ಆ ಕ್ಲಾಸಿನಲ್ಲಿ. ಇದೇ."

ನಾನು ಜೋಸ್ಲಿನ್ ಕಡೆ ನೋಡಿದೆ. ಅವಳು ಫೋನಿನಲ್ಲಿ ಮುಂದಿನ ಊರಿನ ದಾರಿ ಹುಡುಕುತ್ತಿದ್ದಳು. "ಪರವಾಗಿಲ್ಲ ಮಿಸ್ ಲೂಡಿ, ನೀವು ಸ್ವಲ್ಪ ಹೊರಗೆ ನಿಂತಿರಿ. ನಾವು ಸದ್ದು ತಗೋತೀವಿ" ಎಂದಳು.

ಮಿಸ್ ಲೂಡಿ ತಮ್ಮ ಮನೆಯಿಂದ ತಾವೇ ಹೊರಗೆ ನಡೆದರು. ಮಗು ಕೆಮ್ಮೀತೆಂದು ನಾನೂ ಹಿಂದೆ ಹೋದೆ. ಟೋಪಿ ಹಿಡಿದು ಜಗಲಿಯಲ್ಲಿ ನಿಂತ ಅವರು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ಏನಾದ್ರೂ ಮಾತಾಡೇ ಮಗಳೇ" ಎಂದರು.

ಮಗುವಿಗೆ ಹಲ್ಲು ಬರುತ್ತಿರುವುದನ್ನು ಹೇಳಿದೆ.

ಹೊರಡುವಾಗ ಡೆರಿಕ್ ಫ್ರಿಜ್ಜಿನಿಂದ ಕೀ ತೆಗೆದು, ಪ್ಲಗ್ ಹಾಕಿದ. ರೇಡಿಯೋ ಯಾರಿಗೂ ನೆನಪಾಗಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಮಿಸ್ ಲೂಡಿ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ನಾನು ರೇಡಿಯೋ ಹಾಕಿದೆ.

"ಮಗು ಏಳುತ್ತೆ ಕಣೇ" ಎಂದರು.

ಗುಂಡಿ ತಿರುಗಿಸಿ ಇನ್ನಷ್ಟು ಜೋರು ಮಾಡಿದೆ.