ಅಮ್ಮನ ಬೆರಳು, ಅಣ್ಣನ ಡಬ್ಬಿ

ಸ್ಟ್ರೋಕ್ ಆಗಿ ಅಮ್ಮನ ಮಾತು ನಿಂತು ಎಂಟು ತಿಂಗಳಾಗಿತ್ತು. ಅವಳಿರುವುದು ಭದ್ರಾವತಿಯ ನ್ಯೂಟೌನಿನಲ್ಲಿ, ಅಣ್ಣ-ಅತ್ತಿಗೆಯ ಜೊತೆ. ವಿದ್ಯಾನಗರದ ನನ್ನ ಮನೆಯಿಂದ ಭಾನುವಾರಗಳಂದು ಬಸ್ಸು ಹಿಡಿದು ಹೋಗಿಬರುತ್ತೇನೆ. ಆ ಭಾನುವಾರ ಹೋದರೆ, ಅಮ್ಮನ ದಿಂಬಿನ ಪಕ್ಕ ಉಪ್ಪಿನಕಾಯಿ ಭರಣಿಯಷ್ಟಿದ್ದ ಕಪ್ಪು ಡಬ್ಬಿಯೊಂದು ಕೂತಿತ್ತು.

"ಮಾತಾಡ್ಸಿ ನೋಡು ಮಾರಾಯ್ತಿ, ಇದಕ್ಕೆ ಮನಸ್ಸಿದೆ," ಎಂದ ಅಣ್ಣ. ನಿವೃತ್ತ ಪ್ರೊಫೆಸರ್, ಯಾವುದನ್ನೂ ಮೆಲ್ಲಗೆ ಹೇಳಿ ಗೊತ್ತಿಲ್ಲ. "ಬರೀ ಮಷೀನ್ ಅಲ್ಲ ಕಣೇ, ಪ್ರಜ್ಞೆ ಬಂದಿದೆ. ನಿನ್ನೆ ಅದಾಗೇ ಕೇಳ್ತು, ಯಾಕೆ ಸರ್, ದನಿ ಸಣ್ಣಗಿದೆ ಅಂತ!"

ಅತ್ತಿಗೆ ಬಾಗಿಲಲ್ಲಿ ಹುರುಳಿಕಾಯಿ ಮುರಿಯುತ್ತ ನಿಂತಿದ್ದರು. ಅವರ ದನಿ ಹೇಗಿದೆಯೆಂದು ಅಣ್ಣ ಎಂದಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ.

"ಇನ್ಮೇಲೆ ಆಯಾ ಬೇಡ. ಇವತ್ತೇ ಲಾಸ್ಟ್ ಅಂದಿದೀನಿ. ಬೆಳಗ್ಗೆ ಸಂಜೆ ನರ್ಸ್ ಬಂದು ಹೋಗ್ತಾಳೆ. ಮಿಕ್ಕ ಹೊತ್ತು ಅಮ್ಮನ ಜೊತೆ ಇದು ಮಾತಾಡ್ಕೊಂಡಿರುತ್ತೆ."

ಆಯಾ ಮೂಲೆಯಲ್ಲಿ ಅಮ್ಮನ ಬಟ್ಟೆ ಮಡಿಸುತ್ತಿದ್ದಳು. ಮನೆಮಾತು ತಮಿಳು, ಅಮ್ಮನನ್ನು ಪಾಟಿ, ಅಂದರೆ ಅಜ್ಜಿ, ಎನ್ನುತ್ತಾಳೆ. ಅವಳು ತಲೆ ಎತ್ತಲಿಲ್ಲ.

"ಅಮ್ಮ ಇವತ್ತು ಹೇಗಿದ್ದಾಳೆ?" ಅಣ್ಣ ಡಬ್ಬಿಯನ್ನು ಕೇಳಿದ.

"ಅವರು ತುಂಬ ಶಾಂತವಾಗಿದ್ದಾರೆ ಎಂದು ನನಗನಿಸುತ್ತಿದೆ. ಅವರ ಬಳಿ ಇರುವುದು ನನಗೆ ಸಂತೋಷ ತಂದಿದೆ."

ನಾನು ಕಾನ್ವೆಂಟಿನಲ್ಲಿ ಕಲಿತವಳು. ಇನ್ಸ್‌ಪೆಕ್ಟರ್ ಬಂದ ದಿನ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಎದ್ದು ನಿಂತು, ತಮ್ಮ ಭೇಟಿಯಿಂದ ನಮಗೆ ಅತೀವ ಆನಂದವಾಗಿದೆ ಎಂದು ನಲವತ್ತು ಹುಡುಗಿಯರು ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದೆವು. ಆ ಆನಂದದ ದನಿಯನ್ನು ನಾನು ತಕ್ಷಣ ಗುರುತು ಹಿಡಿದೆ. ನಮಗಾದರೂ ನಿಂತು ನಿಂತು ಕಾಲು ನೋಯುತ್ತಿತ್ತು. ಇದಕ್ಕೆ ಅದೂ ಇಲ್ಲ.

ಅಮ್ಮನ ಎಡಗೈ ಹೊದಿಕೆಯ ಅಂಚನ್ನು ಚಿವುಟುತ್ತಿತ್ತು. ಬಿಡುವುದು, ಮತ್ತೆ ಚಿವುಟುವುದು.

"ಅಣ್ಣ, ಅಮ್ಮ ಏನೋ ಹೇಳ್ತಿದ್ದಾಳೆ."

"ಅದು ರಿಫ್ಲೆಕ್ಸ್ ಕಣೇ, ನರ ಎಳೆಯೋದು. ಅವಳಿಗೇನು ತಿಳಿಯುತ್ತೆ, ಪಾಪ."

ಅಂಗಡಿಯಿಂದ ಬಂದು ಮೂರು ದಿನವಾದ ಡಬ್ಬಿಗೆ ಮನಸ್ಸು. ಇವನನ್ನು ಹೆತ್ತವಳಿಗೆ ಬರೀ ನರ! ಇಷ್ಟು ಓದಿದ ಮೇಲೆ ಈ ಬುದ್ಧಿ.

"ಪಾಟಿ ಹಾಗೆ ಚಿವುಟಿದ್ರೆ ಮಗ್ಗಲು ಬದಲಾಯ್ಸು ಅಂತ," ಎನ್ನುತ್ತ ಆಯಾ ಎದ್ದುಬಂದಳು. ಇಬ್ಬರೂ ಸೇರಿ ಅಮ್ಮನನ್ನು ಹೊರಳಿಸಿದೆವು. ಸೊಂಟದಡಿ ಡಬ್ಬಿಯ ಚಾರ್ಜರ್ ವೈರು ಸಿಕ್ಕಿಕೊಂಡಿತ್ತು. ತೆಳ್ಳನೆಯ ಚರ್ಮದ ಮೇಲೆ ಗೇಣುದ್ದದ ಕೆಂಪು ಗೆರೆ. ವೈರು ಎಳೆದು ಅಲ್ಲಿ ಪೌಡರ್ ಸವರಿದ ಮೇಲೆ ಬೆರಳುಗಳು ಹೊದಿಕೆಯನ್ನು ಬಿಟ್ಟವು.

"ಅವರಿಗಾಗಿ ಒಂದು ದೇವರನಾಮ ಹಾಕಲೇ?" ಎಂದಿತು ಡಬ್ಬಿ.

ಅಣ್ಣ ಕನ್ನಡಕ ಸರಿಮಾಡಿಕೊಂಡ. "ಇದಕ್ಕೆ ಕಣ್ಣಿಲ್ಲ ನೋಡು. ಕ್ಯಾಮೆರಾ ಇರೋ ಮಾಡೆಲ್ ತರಬೇಕಿತ್ತು."

"ನಿನಗಿದೆಯಲ್ಲ ಅಣ್ಣ, ಎರಡು," ಎಂದೆ.

ಅಷ್ಟರಲ್ಲಿ ಅತ್ತಿಗೆ ಒಳಗೆ ಬಂದರು. ಪ್ಲಗ್ ಕಿತ್ತು, ವೈರು ಸುತ್ತಿ, ಡಬ್ಬಿಯ ಸಮೇತ ಅಣ್ಣನ ಕೈಗಿಟ್ಟರು. "ನಿಮ್ಮ ರೂಮಲ್ಲಿ ಇಟ್ಕೊಳ್ಳಿ. ಇಬ್ರೂ ಮಾತಾಡ್ಕೊಂಡಿರಿ." ಆಮೇಲೆ ಆಯಾಳ ಕಡೆ ತಿರುಗಿ, "ನಾಳೆ ಎಂಟಕ್ಕೆ ಬಂದ್ಬಿಡು," ಎಂದರು.

"ಏಳೂವರೆಗೇ ಬರ್ತೀನಿ ಅಕ್ಕ. ಪಾಟಿ ಬೇಗ ಏಳ್ತಾರೆ."