ಗುಂಡಿಯ ನಡುವಿನ ಸಾಕ್ಷಿ

ಗುಂಡಿಯ ನಡುವೆ ಏನೂ ಇರಬಾರದು. ಇಷ್ಟು ದೊಡ್ಡ ವಿಷಯವನ್ನು ಮನುಕುಲ ಈವರೆಗೆ ಕೂತು ಚರ್ಚಿಸಿದಂತೆ ಕಾಣುವುದಿಲ್ಲ. ಹಿರಿಯರು ಗುಂಡಿಯ ಅಂಚಿನ ಬಗ್ಗೆ ಎಚ್ಚರಿಕೆ ಕೊಟ್ಟರೇ ಹೊರತು ನಡುವಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಆದರೆ ಗೋವೆಯ ಕೋಲ್ವಾದಲ್ಲಿ ಒಬ್ಬ ಮನುಷ್ಯನ ಮಾನ ಐದು ವರ್ಷಗಳಿಂದ ಇದೊಂದೇ ಮಾತಿನ ಮೇಲೆ ನಿಂತಿದೆ. ಅದು ಉಳಿಯಿತೋ ಹೋಯಿತೋ ಎಂಬುದು ಇವತ್ತು ಹೊತ್ತೇರುವುದರೊಳಗೆ ಟೆಲಿಫೋನಿನಲ್ಲಿ ಗೊತ್ತಾಗಲಿದೆ.

1996ರ ಮೇ ತಿಂಗಳ ನಸುಕು. ಪಾವ್ ಮಾರುವವನ ಸೈಕಲ್ಲಿನ ಪೊಂ ಪೊಂ ಇನ್ನೂ ಬೀದಿಯ ಆ ತುದಿಯಲ್ಲಿದೆ. ಕಡಲತೀರದ ಹಿಂದಿನ ಹೋಟೆಲಿನ ಹುಲ್ಲುಹಾಸಿನಲ್ಲಿ, ಎದೆಮಟ್ಟದ ದುಂಡನೆಯ ಗುಂಡಿಯೊಳಗೆ ಥಾವರಪ್ಪ ಲಮಾಣಿ ಆಗಲೇ ಬೆವರಿದ್ದಾರೆ. ಸಲಿಕೆಯಿಂದ ಗೋಡೆ ಕೆತ್ತುತ್ತಾರೆ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಮತ್ತೆ ಕೆತ್ತುತ್ತಾರೆ. ಹೆಂಡತಿ ಧಾಮಿಬಾಯಿ ಮಣ್ಣಿನ ಬುಟ್ಟಿ ಹೊತ್ತು ಮೇಲೆ ಸುರಿಯುತ್ತಾರೆ. ಬಿಸಿಲೇರಿದ ಮೇಲೆ ಅವರಿಗೆ ಬೇರೆ ಉದ್ಯೋಗವಿದೆ: ಕನ್ನಡಿ ಹೊಲಿದ ಚೀಲ, ಮಣಿಸರ ಹಿಡಿದು ಸಮುದ್ರದ ದಂಡೆಯಲ್ಲಿ ಬಿಳಿಯರ ಜತೆ ಐದಾರು ಭಾಷೆಗಳಲ್ಲಿ ಚೌಕಾಸಿ.

ಗುಂಡಿಯ ನಟ್ಟನಡುವೆ ಮಾತ್ರ ಒಂದು ಮಣ್ಣಿನ ಕಂಬ ನಿಂತಿದೆ. ನೆಲದ ಮಟ್ಟದಷ್ಟೇ ಎತ್ತರ, ತಲೆಯ ಮೇಲೆ ಹುಲ್ಲಿನ ಜುಟ್ಟು. ಮಣ್ಣಿನ ಕೆಲಸದವರ ಮಾತಿನಲ್ಲಿ ಅದಕ್ಕೆ ಸಾಕ್ಷಿ ಎನ್ನುತ್ತಾರೆ.

"ಅದನ್ನ ಮುಟ್ಟಬ್ಯಾಡ್ರಿ," ಎನ್ನುತ್ತಾರೆ ಥಾವರಪ್ಪ, ಯಾರೂ ಮುಟ್ಟದಿದ್ದರೂ. "ಫೋನ್ ಬರೂತನಕ ಅದು ಹಂಗ ಇರ್ಲಿ."

ಈ ಗುಂಡಿ ಯಾತಕ್ಕೆಂದು ಹೇಳಬೇಕು. ಟ್ರ್ಯಾಂಪೊಲಿನ್ ಎಂದರೆ ಕಬ್ಬಿಣದ ಬಳೆಗೆ ಸ್ಪ್ರಿಂಗುಗಳಿಂದ ಬಿಗಿದ ಕರಿಯ ಚಾಪೆ. ಮೇಲೆ ಜಿಗಿದವರನ್ನು ಅದು ಇನ್ನಷ್ಟು ಮೇಲಕ್ಕೆ ಎಸೆಯುತ್ತದೆ. ಲೋಕದಲ್ಲಿ ಅದನ್ನು ಕಾಲುಗಳ ಮೇಲೆ ನಿಲ್ಲಿಸುವುದು ವಾಡಿಕೆ. ಈ ಹೋಟೆಲಿನ ಶೇಟರಿಗೆ ಅದು ಒಪ್ಪಿಗೆಯಾಗಲಿಲ್ಲ. ಮಕ್ಕಳು ಬಿದ್ದರೆ ಹುಲ್ಲಿನ ಮೇಲೆ ಬೀಳಲಿ, ಚಾಪೆ ನೆಲಕ್ಕೆ ಸಮನಾಗಿರಲಿ ಎಂದರು. ಚಾಪೆ ನೆಲಕ್ಕೆ ಸಮನಾಗಿರಲು ಕೆಳಗೆ ಗುಂಡಿ ಬೇಕು. ಗುಂಡಿಗೆ ಥಾವರಪ್ಪ ಬೇಕು.

ವಿಜಾಪುರದ ಕಡೆಯ ತಾಂಡಾದವರು ಅವರು. ಎಂಬತ್ತರ ದಶಕದ ಮೊದಲಿಗೆ ಸಾಂಗೆಯ ಅದಿರಿನ ಗಣಿಗೆ ಬಂದು, ಮೈಯೆಲ್ಲ ಕೆಂಪು ಮಾಡಿಕೊಂಡು, ಗಣಿಯ ಕೆಲಸ ತಪ್ಪಿದ ಮೇಲೆ ಕಡಲ ಕಡೆಗೆ ಇಳಿದರು. ಮಣ್ಣಿನ ಕೆಲಸದವರಲ್ಲಿ ಒಂದು ಕಟ್ಟುನಿಟ್ಟಿದೆ. ಎಷ್ಟು ಆಳ ಅಗೆದರೆಂದು ಅಳೆಯಲು ನಡುವೆ ಒಂದು ಸಾಕ್ಷಿ ಬಿಡಬೇಕು. ಅದರ ತಲೆಯ ಹುಲ್ಲು ಹಾಗೇ ಇರಬೇಕು. ಹುಲ್ಲಿದ್ದರೆ ಮೇಲೆ ಮಣ್ಣು ಪೇರಿಸಿ ಸುಳ್ಳು ಹೇಳಿಲ್ಲ ಎಂದರ್ಥ. ಸಾಹೇಬರು ಬಂದು, ಅಳೆದು, ಆಯಿತು ಎನ್ನುವವರೆಗೆ ಅದನ್ನು ಕೆಡವಿದವನು ಮೂರ್ಖ.

1991ರಲ್ಲಿ ಇದೇ ಹುಲ್ಲುಹಾಸಿನ ಆಚೆ ಮೂಲೆಯಲ್ಲಿ ಮೊದಲ ಗುಂಡಿ ತೋಡಿದಾಗ ಥಾವರಪ್ಪ ಮೂರ್ಖರಾಗಲಿಲ್ಲ. ಸಾಕ್ಷಿ ಬಿಟ್ಟರು. ಮುಂಬೈಯಿಂದ ಬಂದ ಫಿಟ್ಟರುಗಳು ಅದನ್ನು ವಿಲಾಯತಿ ನಕ್ಷೆಯ ಒಂದು ಭಾಗವೆಂದುಕೊಂಡರು. ಹೋಟೆಲಿನ ಮೇಲ್ವಿಚಾರಕ, ಧಾರವಾಡದ ವ್ಯಾಸರಾಜರು, ಫಿಟ್ಟರುಗಳಿಗೆ ಗೊತ್ತಿರುತ್ತದೆ ಎಂದುಕೊಂಡರು. ಥಾವರಪ್ಪ ಇನ್ನೂ ಅಳತೆಯಾಗಿಲ್ಲ ಎಂದುಕೊಂಡರು. ಮೂವರ ನಂಬಿಕೆಯ ಮೇಲೆ ಕರಿಯ ಚಾಪೆ ಬಿತ್ತು.

ಉದ್ಘಾಟನೆಗೆ ಶೇಟರು ರಿಬ್ಬನ್ ಕತ್ತರಿಸುವ ಬದಲು ತಾವೇ ಜಿಗಿದರು. ಭಾರಿ ಆಸಾಮಿ. ಮೇಲೆ ಹೋದದ್ದು ಸೊಗಸಾಗಿತ್ತೆಂದು ನೋಡಿದವರು ಹೇಳುತ್ತಾರೆ. ಕೆಳಗೆ ಬಂದು ಕೂತದ್ದು ಸಾಕ್ಷಿಯ ಮೇಲೆ. ಆ ವಾರವೆಲ್ಲ ಶೇಟರು ನಿಂತೇ ಊಟ ಮಾಡಿದರು.

ಅಂದಿನಿಂದ ಕೋಲ್ವಾದ ದಂಡೆಯಲ್ಲಿ ಥಾವರಪ್ಪನವರ ಹೆಸರು ಸಾಕ್ಷಿ ಥಾವರು. ಸರ ಮಾರುವ ಹೆಂಗಸರಿಂದ ಹಿಡಿದು ಟ್ಯಾಕ್ಸಿಯವರ ತನಕ ಎಲ್ಲರ ಬಾಯಲ್ಲೂ ಅದೇ. ಮನೆಯಲ್ಲೂ ಬಿಡುಗಡೆಯಿಲ್ಲ.

"ರೊಟ್ಟಿ ಹಾಕಿದ್ರ ನಡುವ ಒಂದು ತುಣುಕು ಬಿಡ್ತಾರ್ರಿ ಇವ್ರು," ಎನ್ನುತ್ತಾರೆ ಧಾಮಿಬಾಯಿ, ಬುಟ್ಟಿ ಇಳಿಸಿ. "ಯಾಕ ಅಂದ್ರ, ಸಾಕ್ಷಿಗೆ!"

"ನಿನ್ನ ರೊಟ್ಟಿ ನಡುವ ಹಸೀ ಇರ್ತೈತಿ, ಅದಕ್ಕ ಬಿಡ್ತೇನಿ," ಎಂದು ಗುಂಡಿಯೊಳಗಿಂದ ಉತ್ತರ ಬರುತ್ತದೆ.

ಇಂಥವರನ್ನು ಶೇಟರು ಮತ್ತೆ ಕರೆದದ್ದಕ್ಕೆ ದೊಡ್ಡ ಮನಸ್ಸೇನೂ ಕಾರಣವಲ್ಲ. ಅವರು ಜೈಸಲ್ಮೇರಿನ ಮರಳುಗಾಡಿನಲ್ಲಿ ಇನ್ನೊಂದು ಹೋಟೆಲು ತೆರೆದರು. ಆ ಬಿಸಿಲಿಗೆ ಗುಂಡಿ ತೋಡಲು ಬೇರೆ ಯಾರೂ ಹೊರಡಲಿಲ್ಲ. ಥಾವರಪ್ಪ, ವ್ಯಾಸರಾಜರು ರೈಲು ಹತ್ತಿದರು.

"ಅಲ್ಲಿ ನಮ್ಮ ಲಂಬಾಣಿ ಮಾತು ಅರ್ಧಾ ತಿಳೀತಿತ್ರಿ ಅವ್ರಿಗೆ," ಎನ್ನುವಾಗ ಥಾವರಪ್ಪನವರ ಸಲಿಕೆ ನಿಲ್ಲುತ್ತದೆ. "ಹೆಂಗಸ್ರು ನಮ್ಮವ್ವನಂಗ ಕನ್ನಡಿ ಲಂಗಾ ಉಟ್ಟಿದ್ರು. ನಾವು ಮಾರವಾಡದಿಂದ ಬಂದವ್ರು ಅಂತ ನಮ್ಮಜ್ಜ ಹೇಳ್ತಿದ್ದ. ಮುದುಕಾ ಸುಳ್ಳ ಹೇಳ್ತಾನ ಅಂತಿದ್ದೆ. ಖರೇ ಐತ್ರಿ."

ಅಲ್ಲಿ ಅಳತೆಯಾದ ಕೂಡಲೇ ಸಾಕ್ಷಿಯನ್ನು ಥಾವರಪ್ಪನವರೇ ಕೆಡವಿದರು. ಚಾಪೆಯ ಕೆಳಗಿನ ಗಾಳಿ ಹೊರಹೋಗಬೇಕು. ಇಲ್ಲದಿದ್ದರೆ ಅದು ಹಲಗೆಯಂತೆ ಬಡಿಯುತ್ತದೆ, ಎತ್ತುವುದಿಲ್ಲ. ಅದಕ್ಕೆ ಗೋಡೆಯಲ್ಲಿ ಕಿಂಡಿ ಬಿಟ್ಟರು, ಗಾಳಿ ಬೀಸುವ ಕಡೆಗೇ. ಎರಡು ದಿನ ಬಿರುಗಾಳಿ ಬೀಸಿತು. ಚಾಪೆ ಬಿಚ್ಚಿ ನೋಡಿದರೆ ನಟ್ಟನಡುವೆ ಮರಳಿನ ದಿಬ್ಬ! ಕೆಡವಿದ ಸಾಕ್ಷಿ ತಾನಾಗಿಯೇ ಎದ್ದು ಬಂದಿತ್ತು.

"ವ್ಯಾಸರಾಜ ಸಾಹೇಬ್ರು ತಲಿಮ್ಯಾಲ ಕೈ ಇಟ್ಕೊಂಡು ಕುಂತ್ರು. ನನಗ ನಗೀ ತಡೀಲಾಕ ಆಗ್ಲಿಲ್ರಿ."

ಊರವರು ಕಣಜಕ್ಕೆ ಮರಳು ಬಾರದಂತೆ ಗಾಳಿಯ ದಿಕ್ಕಿಗೆ ಮುಳ್ಳಿನ ಬೇಲಿ ಕಟ್ಟುತ್ತಿದ್ದರು. ಇವರೂ ಕಟ್ಟಿದರು. ಕಿಂಡಿಗಳನ್ನು ಆಚೆ ಮಗ್ಗುಲಿಗೆ ತಿರುಗಿಸಿದರು. ಹಗಲೆಲ್ಲ ಕಾದು ಸುಡುವ ಚಾಪೆಗೆ ಗೋಣಿತಟ್ಟು ಹೊದಿಸಿ ಸಂಜೆ ತೆರೆದರು. ಮಕ್ಕಳು ಹಾರಿದರು, ಮರಳುಗಾಡು ಗೆದ್ದಾಯಿತು.

ಗೆಲ್ಲದೆ ಉಳಿದದ್ದು ಹಿಮಾಲಯ. ಮನಾಲಿಯಿಂದಾಚೆಯ ಕಣಿವೆಯಲ್ಲಿ ಶೇಟರ ಮೂರನೆಯ ಹೋಟೆಲು. ಮಳೆಗಾಲ ಮುಗಿದ ಮೇಲೆ ಗುಂಡಿ ತೋಡಿ, ಬಳೆ ಕೂರಿಸಿ ಬಂದರು. ಚಳಿಗಾಲ ಕಳೆದು ಹೋಗಿ ನೋಡಿದರೆ ಬಳೆ ಸೊಟ್ಟಗಾಗಿದೆ, ಗುಂಡಿಯ ತಳ ನಡುವೆ ಉಬ್ಬಿ ನಿಂತಿದೆ. ತಳದಲ್ಲಿ ನಿಂತ ನೀರು ಹೆಪ್ಪುಗಟ್ಟಿ ನೆಲವನ್ನೇ ಮೇಲೆತ್ತಿತ್ತು. ಮೂರನೆಯ ಸಲ, ಅದೇ ಸಾಕ್ಷಿ.

ಶೇಟರು ಆಗ ನಗುವ ಸ್ಥಿತಿಯಲ್ಲಿರಲಿಲ್ಲ. ಇನ್ನೊಂದು ಚಳಿಗಾಲ ಕೊಡುತ್ತೇನೆ ಎಂದರು. ಆಗಲೂ ತಳ ಎದ್ದರೆ ಕೋಲ್ವಾದ ಈ ಎರಡನೆಯ ಗುಂಡಿಯೂ ಸೇರಿ ಎಲ್ಲ ಕೆಲಸ ಮುಂಬೈಯವರಿಗೆ, ಎಂದರು. ಕಳೆದ ವರ್ಷ ಥಾವರಪ್ಪ ಮತ್ತೆ ಬೆಟ್ಟ ಹತ್ತಿದರು.

"ಸಾಂಗೆ ಗಣಿಯೊಳಗ ಮಳಿಗಾಲಕ್ಕ ಏನ್ ಮಾಡ್ತಿದ್ವಿ? ನೀರಿಗೆ ಮೊದಲ ದಾರಿ ಕೊಡ್ತಿದ್ವಿ, ಆಮ್ಯಾಲ ಮಣ್ಣಿಗೆ ಕೈ ಹಾಕ್ತಿದ್ವಿ. ಅದನ್ನ ಅಲ್ಲಿ ಮರ್ತಿದ್ವಿ ನೋಡ್ರಿ. ಥಂಡಿಗೆ ಬುದ್ಧಿನೂ ಹೆಪ್ಪಾಗಿತ್ತು."

ಗುಂಡಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿ ತಳಕ್ಕೆ ಕಲ್ಲು ತುಂಬಿದರು. ಇಳಿಜಾರಿನ ಕಡೆಗೆ ತಳದಿಂದಲೇ ಕಾಲುವೆ ಕಡಿದರು. ವ್ಯಾಸರಾಜರು ಕೋಟು ಕಳಚಿ ತಾವೂ ಕಲ್ಲು ಹೊತ್ತರು. ಅವರ ಮಾನವೂ ಅದೇ ಗುಂಡಿಯಲ್ಲಿತ್ತು. ಚಾಪೆ, ಸ್ಪ್ರಿಂಗುಗಳನ್ನು ಬಿಚ್ಚಿ ಒಳಗಿಟ್ಟು, ಬರೀ ಬಳೆಯನ್ನು ಹಿಮಕ್ಕೆ ಒಪ್ಪಿಸಿ ಬಂದರು. ಈ ವಾರ ಅಲ್ಲಿ ಹಿಮ ಪೂರ್ತಿ ಕರಗಿದೆ. ಚೌಕಿದಾರ ಚಾಪೆ ಬಿಗಿಯಬೇಕು, ಯಾರಾದರೂ ಜಿಗಿಯಬೇಕು, ಫೋನು ಮಾಡಬೇಕು. ಅದೇ ಇವತ್ತು.

ಬಿಸಿಲು ತೆಂಗಿನ ಬುಡಕ್ಕೆ ಇಳಿದಿದೆ. ಧಾಮಿಬಾಯಿ ಚೀಲಗಳ ಗಂಟು ಕಟ್ಟಿಕೊಂಡರೂ ದಂಡೆಗೆ ಹೊರಟಿಲ್ಲ. ಥಾವರಪ್ಪ ಆಗಲೇ ಕೆತ್ತಿ ಮುಗಿಸಿದ ಗೋಡೆಯನ್ನು ಮತ್ತೆ ಕೆತ್ತುತ್ತಿದ್ದಾರೆ.

ಕಚೇರಿಯ ಬಾಗಿಲು ತೆರೆಯುತ್ತದೆ. ವ್ಯಾಸರಾಜರು ಹೊರಗೆ ಬರುತ್ತಾರೆ. ಓಡುವುದು ಮೇಲ್ವಿಚಾರಕರಿಗೆ ಶೋಭೆಯಲ್ಲವೆಂದು ಮೊದಲು ನಡೆಯುತ್ತಾರೆ. ಅರ್ಧ ದಾರಿಗೆ ಶೋಭೆ ಸಾಕಾಗಿ ಓಡುತ್ತಾರೆ.

"ಏ ಥಾವರಪ್ಪಾ! ಫೋನ್ ಬಂತಪಾ!"

"ಯಾರ ಜಿಗದ್ರಂತ್ರಿ?"

"ಅಡಗಿ ಮಾಡಾಂವ! ನಮ್ಮ ಶೇಟ್ರಕಿಂತ ದಪ್ಪ ಇದ್ದಾನಂತ!"

"ತಳಾ ತಾಗಿತಂತೇನ್ರಿ?"

"ಎಲ್ಲೀದು! ಬಳಿ ನೆಟ್ಟಗ ಅದ, ತಳಾ ಸಪಾಟ ಅದ. ಜಿಗ್ಯೂದ ಬಿಡವಲ್ಲ ಅವಾ. ಹೋಟೆಲ್ ಮಂದಿಗೆ ಇನ್ನೂ ನಾಷ್ಟಾ ಆಗಿಲ್ಲಂತ!"

ಥಾವರಪ್ಪ ಸಲಿಕೆಗೆ ಒರಗಿ ನಿಲ್ಲುತ್ತಾರೆ. ಧಾಮಿಬಾಯಿ ಮಾತ್ರ ಗಂಟು ಕೆಳಗೆಸೆದು ಬೇಲಿಯ ಹತ್ತಿರ ಹೋಗಿ, ದಂಡೆಯ ಕಡೆ ಹೊರಟಿದ್ದ ಸರ ಮಾರುವ ಹೆಂಗಸರಿಗೆ ಕೇಳುವಂತೆ ಕೂಗುತ್ತಾರೆ: "ಏ ದೇವಿಬಾಯೀ! ಲಾಲೀಬಾಯೀ! ಬರ್ಫದಾಗೂ ನಮ್ಮವ್ರು ಗೆದ್ರು! ಇವತ್ತಿಂದ ಥಾವರಪ್ಪ ಅನ್ರಿ, ಥಾವರಪ್ಪ!"

"ಥಾವರಪ್ಪಣ್ಣ ಅಂತೇವಿ, ಚಹಾ ಕುಡಿಸು!" ಎಂದು ಬೇಲಿಯಾಚೆಯಿಂದ ಉತ್ತರ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಥಾವರಪ್ಪ ಹೆಂಡತಿಯ ಕಡೆ ಸಲಿಕೆ ತೋರಿಸುತ್ತಾರೆ. "ಇದು ಮುಗಿದ ಮ್ಯಾಲ ಇಕೀನ ಒಮ್ಮೆ ಜಿಗಸಬೇಕ್ರಿ. ಐದು ವರ್ಷ ನಕ್ಕಾಳ. ಒಮ್ಮೆ ಮ್ಯಾಲ ಹೋಗಿ ನೋಡ್ಲಿ." ಆಮೇಲೆ ವ್ಯಾಸರಾಜರ ಕಡೆ ತಿರುಗಿ, ಪದ್ಧತಿ ಬಿಡದೆ ಕೇಳುತ್ತಾರೆ: "ಅಳತಿ ನೋಡ್ತೀರೇನ್ರಿ, ಸಾಹೇಬ್ರ?"

ವ್ಯಾಸರಾಜರು ಗುಂಡಿಗೆ ಇಳಿದು, ಸಾಕ್ಷಿಗೆ ಟೇಪು ಹಿಡಿದು ನೋಡುತ್ತಾರೆ. ಹುಲ್ಲಿನ ಜುಟ್ಟನ್ನೂ ಮುಟ್ಟಿ ನೋಡುತ್ತಾರೆ. "ಆತಪಾ," ಎನ್ನುತ್ತಾರೆ.

ಥಾವರಪ್ಪ ಸಲಿಕೆ ಎತ್ತಿ ಬುಡಕ್ಕೆ ಹಾಕುತ್ತಾರೆ. ಕಂಬ ವಾಲುತ್ತದೆ, ಕುಸಿಯುತ್ತದೆ. ಧಾಮಿಬಾಯಿ ಮಣ್ಣನ್ನು ಬುಟ್ಟಿಗೆ ತುಂಬಿ ಮೇಲೆ ಸುರಿಯುತ್ತಾರೆ.

ಗುಂಡಿಯ ನಡುವೆ ಈಗ ಏನೂ ಇಲ್ಲ.